ಕಾನೂನು ಎಲ್ಲಿದೆ, ಮೇಷ್ಟ್ರೇ?

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಹರಿಹರದಿಂದ ನನ್ನ ಹಳೆಯ ಸಹೋದ್ಯೋಗಿ ಟೀಚರೊಬ್ಬರು ದಾವಣಗೆರೆಯ ನಮ್ಮ ಮನೆಗೆ ಬಂದರು. ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮೀರಿ ಗಣಿತ ಕಲಿಸಿ ನಿವೃತ್ತರಾದವರು. ಎಳ್ಳು-ಬೆಲ್ಲದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಬ್ಯಾಗಿನಿಂದ ಒಂದು ಕಾಗದ ತೆಗೆದರು. “ಇದೇನ್ ಬಂದೈತಿ ನೋಡ್ರಿ ಮೇಷ್ಟ್ರೇ. ನನಗಂತೂ ಎರಡು ದಿನದಿಂದ ನಿದ್ದೆ ಇಲ್ಲ.”

ಕಾಗದ ಕಚೇರಿಯದು. 2011ರಲ್ಲಿ ಅವರಿಗೆ ಕಾಲಬದ್ಧ ಮುಂಬಡ್ತಿ ಕೊಡುವಾಗ ಲೆಕ್ಕ ತಪ್ಪಾಗಿದೆ, ಆವತ್ತಿನಿಂದ ನಿವೃತ್ತಿಯವರೆಗೆ ಹೆಚ್ಚಿಗೆ ಪಾವತಿಯಾದ ಹಣ ಒಂದು ಲಕ್ಷ ಎಂಬತ್ತಾರು ಸಾವಿರ ರೂಪಾಯಿ, ಅದನ್ನು ಪಿಂಚಣಿಯಲ್ಲಿ ಕಂತುಕಂತಾಗಿ ಮುರಿದುಕೊಳ್ಳಲಾಗುವುದು ಎಂಬುದು ಸಾರಾಂಶ. ತಪ್ಪು ಯಾರದು ಎಂಬ ಮಾತೇ ಅದರಲ್ಲಿ ಇರಲಿಲ್ಲ. “ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ನನ್ನ ಲೆಕ್ಕ ಹಾಕಿದವರು ಅವರು. ಈಗ ದಂಡ ನಾನು ಕಟ್ಟಬೇಕಾ? ಇದಕ್ಕೊಂದು ಕಾನೂನು ಅಂತ ಇರಬೇಕಲ್ಲ, ಅದು ಎಲ್ಲಿದೆ ಮೇಷ್ಟ್ರೇ?” ಎಂದರು.

ನಾನು ವಿಜ್ಞಾನದ ಮೇಷ್ಟ್ರು. ನೀರಿನ ಗಡಸುತನ ಅಳೆಯುವುದನ್ನು ಕೇಳಿದ್ದರೆ ಕೂಡಲೇ ಹೇಳುತ್ತಿದ್ದೆ. ಕಾನೂನು ಎಲ್ಲಿದೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ಎರಡು ತಿಂಗಳು ಬಿಡುವಾದಾಗಲೆಲ್ಲ ಅದನ್ನೇ ಹುಡುಕಿದ್ದರಿಂದ ಈ ಲೇಖನ ಬರೆಯುವ ಧೈರ್ಯ ಬಂದಿದೆ.

ಹೆಸರಿಲ್ಲದ ತೀರ್ಪು

ಟೀಚರ ಮೊಬೈಲಿನಲ್ಲಿ ಆಗಲೇ ಸಮಾಧಾನದ ಸಂದೇಶವೊಂದು ಬಂದು ಕೂತಿತ್ತು. ನಿವೃತ್ತರ ವಾಟ್ಸಾಪ್ ಬಳಗದವರು ಕಳಿಸಿದ್ದು. ‘ಹೆಚ್ಚುವರಿ ವೇತನ ವಸೂಲಿ ಮಾಡುವಂತಿಲ್ಲ: ಸುಪ್ರೀಂ ಕೋರ್ಟ್ ಐತಿಹಾಸಿಕ ತೀರ್ಪು’ ಎಂದು ದಪ್ಪಕ್ಷರ, ಕೆಳಗೆ ನಾಲ್ಕು ಕೈಮುಗಿದ ಚಿತ್ರ. ಯಾರ ವಿರುದ್ಧ ಯಾರು, ಯಾವ ವರ್ಷ, ಯಾವ ನ್ಯಾಯಮೂರ್ತಿಗಳು, ಒಂದೂ ಇಲ್ಲ. ಇಂಥ ಸಂದೇಶವನ್ನು ಅರ್ಜಿಗೆ ಲಗತ್ತಿಸಿ ಕಳಿಸಿದರೆ ಕಚೇರಿಯವರು ನಗುತ್ತಾರೆ. ನಗುವುದು ತಪ್ಪೂ ಅಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ದಾವಣಗೆರೆಯ ಕೋರ್ಟಿಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ವಕೀಲ. ವಿಷಯ ಕೇಳಿದವನೇ “ರಫೀಕ್ ಮಸೀಹ್ ನೋಡಿ ಸಾರ್, 2014ರದು” ಎಂದ. ವಕೀಲರ ಗ್ರಂಥಾಲಯದ ಕಪಾಟುಗಳನ್ನೂ ತೋರಿಸಿದ. ಆಲ್ ಇಂಡಿಯಾ ರಿಪೋರ್ಟರ್, ಇಂಡಿಯನ್ ಲಾ ರಿಪೋರ್ಟ್ಸ್‌ನ ಕರ್ನಾಟಕ ಸರಣಿ, ಕರ್ನಾಟಕ ಲಾ ಜರ್ನಲ್. ನೆಲದಿಂದ ಸೂರಿನವರೆಗೆ ವರ್ಷವಾರು ಸಂಪುಟಗಳು. ಮೊದಲೆಲ್ಲ ಕಾನೂನು ಹುಡುಕುವುದೆಂದರೆ ಈ ಕಪಾಟುಗಳ ಮುಂದೆ ನಿಲ್ಲುವುದೇ ಆಗಿತ್ತು. ಕಪಾಟಿನ ಬೀಗದ ಕೈ ವಕೀಲರ ಬಳಿ ಇರುತ್ತಿತ್ತು, ಅವರ ಬಳಿ ಹೋಗಲು ನಮ್ಮ ಬಳಿ ಹಣ ಇರಬೇಕಿತ್ತು. ಹುಡುಗ ಸಂಪುಟಕ್ಕೆ ಕೈ ಹಾಕಲೇ ಇಲ್ಲ, ಜೇಬಿನಿಂದ ಮೊಬೈಲು ತೆಗೆದು ಅರೆ ನಿಮಿಷದಲ್ಲಿ ತೀರ್ಪನ್ನು ನನ್ನ ಮುಂದಿಟ್ಟ.

ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನೆಲ್ಲ 2023ರ ಜನವರಿಯಿಂದ ‘ಇ-ಎಸ್‌ಸಿಆರ್’ ಎಂಬ ಹೆಸರಿನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿ ಸಿಗುತ್ತದೆ. ಅನುವಾದ ತಿಳಿಯುವುದಕ್ಕೆ ಮಾತ್ರ, ವಾದಕ್ಕೆ ನಿಲ್ಲುವುದು ಇಂಗ್ಲಿಷಿನದೇ. ಅದಕ್ಕೂ ಮುಂಚೆ, 2008ರಿಂದಲೇ, ‘ಇಂಡಿಯನ್ ಕಾನೂನ್’ ಎಂಬ ಖಾಸಗಿ ತಾಣ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ತೀರ್ಪುಗಳನ್ನು ಹುಡುಕಲು ಬರುವಂತೆ ಜೋಡಿಸಿಟ್ಟಿದೆ. ಅದನ್ನು ಕಟ್ಟಿದವರು ಸುಶಾಂತ್ ಸಿನ್ಹಾ ಎಂಬ ಕಂಪ್ಯೂಟರ್ ತಜ್ಞರು, ವಕೀಲರಲ್ಲ. ಇದು ತಿಳಿದಾಗ ನನಗೆ ಸ್ವಲ್ಪ ಧೈರ್ಯ ಬಂತು.

ಆ ರಾತ್ರಿ ತೀರ್ಪನ್ನು ಓದಿದೆ. ಪಂಜಾಬ್ ಸರ್ಕಾರ ವಿರುದ್ಧ ರಫೀಕ್ ಮಸೀಹ್, 2014ರ ಡಿಸೆಂಬರ್ 18. ವಾಟ್ಸಾಪ್ ಹೇಳಿದಂತೆ ‘ವಸೂಲಿ ಮಾಡುವಂತೆಯೇ ಇಲ್ಲ’ ಎಂದು ಅದು ಹೇಳುವುದಿಲ್ಲ. ವಸೂಲಿ ಸಲ್ಲದ ಐದು ಸಂದರ್ಭಗಳನ್ನು ಹೇಳುತ್ತದೆ: ನೌಕರ ಸಿ ಅಥವಾ ಡಿ ವರ್ಗದವನಾಗಿದ್ದರೆ, ನಿವೃತ್ತನಾಗಿದ್ದರೆ ಅಥವಾ ವರ್ಷದೊಳಗೆ ನಿವೃತ್ತನಾಗುವವನಿದ್ದರೆ, ಹೆಚ್ಚುವರಿ ಪಾವತಿ ಐದು ವರ್ಷಕ್ಕೂ ಮೀರಿ ನಡೆದಿದ್ದರೆ, ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದರೆ, ಇಲ್ಲವೇ ವಸೂಲಿ ತೀರಾ ಕಠೋರವೆಂದು ನ್ಯಾಯಾಲಯಕ್ಕೆ ಕಂಡರೆ. ನಮ್ಮ ಟೀಚರು ಕೊನೆಯವರೆಗೂ ಸಹಶಿಕ್ಷಕಿ, ಸಿ ವರ್ಗ. ನಿವೃತ್ತರು ಬೇರೆ. ಐದು ವರ್ಷವೂ ಎಂದೋ ಮೀರಿದೆ. ಐದರಲ್ಲಿ ಮೂರು ಅವರ ಕಡೆಗೇ ಇದ್ದವು. ರಾತ್ರಿಯೇ ಫೋನ್ ಮಾಡಿ ಹೇಳಿದೆ. ಆ ದಿನ ಅವರು ನಿದ್ದೆ ಮಾಡಿರಬೇಕು.

ಅವಸರ ಪಟ್ಟೆ ಎಂದು ತಿಳಿದದ್ದು ಮೂರು ದಿನದ ನಂತರ. ಇಂಡಿಯನ್ ಕಾನೂನ್‌ನಲ್ಲಿ ಯಾವುದೇ ತೀರ್ಪನ್ನು ತೆರೆದರೂ, ಮುಂದೆ ಯಾವ ಯಾವ ತೀರ್ಪುಗಳು ಇದನ್ನು ಉಲ್ಲೇಖಿಸಿವೆ ಎಂಬ ಪಟ್ಟಿಗೆ ದಾರಿ ಇರುತ್ತದೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಆ ದಾರಿಯಲ್ಲಿ ಹೋದರೆ ಸಿಕ್ಕದ್ದು 2016ರ ಜುಲೈ 29ರ ಜಗದೇವ್ ಸಿಂಗ್ ಪ್ರಕರಣ. ಅಲ್ಲಿ ನೌಕರ ಪರಿಷ್ಕೃತ ವೇತನ ಒಪ್ಪುವಾಗ ‘ಹೆಚ್ಚು ಪಾವತಿಯಾದರೆ ಹಿಂತಿರುಗಿಸುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರು. ಹಾಗೆ ಬರೆದುಕೊಟ್ಟವರು ನಿವೃತ್ತರೆಂಬ ರಕ್ಷಣೆ ಕೇಳುವಂತಿಲ್ಲ, ವಸೂಲಿ ಮಾಡಬಹುದು, ಕಂತಿನಲ್ಲಿ ಮಾಡಿ ಎಂದಿತು ಅದೇ ಸುಪ್ರೀಂ ಕೋರ್ಟು.

ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾನು ಹೇಳುವುದುಂಟು, ಸೀಸೆಯ ಮೇಲಿನ ಹೆಸರು ಓದಿದರೆ ಸಾಲದು, ತಾರೀಖು ನೋಡಿ ಎಂದು. ನಾನೇ ತಾರೀಖು ನೋಡಿರಲಿಲ್ಲ.

“ಟೀಚರೇ, ಎಂದಾದರೂ ಅಂಥ ಮುಚ್ಚಳಿಕೆಗೆ ಸಹಿ ಮಾಡಿದ್ದು ನೆನಪಿದೆಯಾ?” ಎಂದೆ. “ಕಚೇರಿಯವರು ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿದೀನಿ ಮೇಷ್ಟ್ರೇ. ಓದಿ ಸಹಿ ಮಾಡಿದ್ದು ಎಷ್ಟು ಅಂತ ಕೇಳ್ಬೇಡ್ರಿ” ಎಂದರು. ನಮ್ಮಲ್ಲಿ ಯಾರು ತಾನೇ ಓದಿ ಸಹಿ ಮಾಡಿದ್ದೇವೆ?

ಹುಡುಕಾಟ ಅಲ್ಲಿಗೂ ನಿಲ್ಲಲಿಲ್ಲ. 2022ರ ಮೇ 2ರಂದು ಬಂದ ಥಾಮಸ್ ಡೇನಿಯಲ್ ವಿರುದ್ಧ ಕೇರಳ ಸರ್ಕಾರ ಎಂಬ ತೀರ್ಪು ಸಿಕ್ಕಿತು. ಅದು ನಮ್ಮಂಥ ಹೈಸ್ಕೂಲು ಮೇಷ್ಟ್ರೊಬ್ಬರದೇ ಕಥೆ. 1999ರಲ್ಲಿ ನಿವೃತ್ತರಾದವರು ಎರಡು ದಶಕಕ್ಕೂ ಮೀರಿ ಅಲೆದಿದ್ದಾರೆ. ನೌಕರನ ಮೋಸವಾಗಲಿ ಸುಳ್ಳಾಗಲಿ ಇಲ್ಲದೆ, ಇಲಾಖೆಯೇ ನಿಯಮವನ್ನು ತಪ್ಪಾಗಿ ಅರ್ಥಮಾಡಿಕೊಂಡು ಕೊಟ್ಟ ಹಣವನ್ನು ಇಷ್ಟು ವರ್ಷದ ಮೇಲೆ ಕೇಳುವುದು ಸಲ್ಲದು ಎಂದು ನ್ಯಾಯಮೂರ್ತಿ ಅಬ್ದುಲ್ ನಜೀರ್ ಮತ್ತು ವಿಕ್ರಮ್ ನಾಥ್ ಅವರ ಪೀಠ ಹೇಳಿತು. ಅಬ್ದುಲ್ ನಜೀರ್ ನಮ್ಮ ಮೂಡುಬಿದಿರೆ ಕಡೆಯವರು.

ಒಂದೇ ಪ್ರಶ್ನೆಗೆ ಎಂಟು ವರ್ಷದೊಳಗೆ ಮೂರು ತೀರ್ಪು. ಮೊದಲನೆಯದರಲ್ಲೇ ನಿಂತವನಿಗೆ ಇಲ್ಲದ ಧೈರ್ಯ, ಎರಡನೆಯದರಲ್ಲಿ ನಿಂತವನಿಗೆ ಇಲ್ಲದ ಭಯ.

ಸೇವಾ ಪುಸ್ತಕ ತರಿಸಿದ್ದು

ಮುಚ್ಚಳಿಕೆ ಇದೆಯೋ ಇಲ್ಲವೋ ಎಂಬುದು ಯಾವ ಕಾನೂನು ಪುಸ್ತಕದಲ್ಲೂ ಇರುವುದಿಲ್ಲ. ಅದು ಕಚೇರಿಯ ಬೀರುವಿನಲ್ಲಿರುತ್ತದೆ. ಮಾಹಿತಿ ಹಕ್ಕು ಕಾಯ್ದೆ ಇರುವುದು ಇಂಥದ್ದಕ್ಕೇ. ಕರ್ನಾಟಕದಲ್ಲಿ ಅರ್ಜಿಗೆ ಹತ್ತು ರೂಪಾಯಿ, ಕನ್ನಡದಲ್ಲೇ ಬರೆಯಬಹುದು, ಆದರೆ 150 ಪದ ಮೀರುವಂತಿಲ್ಲ ಮತ್ತು ಒಂದೇ ವಿಷಯ ಇರಬೇಕು. ಪ್ರಬಂಧ ತಿದ್ದಿ ತಿದ್ದಿ ಅಭ್ಯಾಸವಾದ ಮೇಷ್ಟ್ರಿಗೆ ಪದ ಎಣಿಸುವುದು ಕಷ್ಟವಲ್ಲ. ‘ದಯವಿಟ್ಟು’ಗಳನ್ನೆಲ್ಲ ಹೊಡೆದು ಹಾಕಿದರೆ ಅರ್ಧ ಕಡಿಮೆಯಾಗುತ್ತದೆ. ಅರ್ಜಿ ತಪ್ಪು ಕಚೇರಿಗೆ ಹೋದರೂ ಹೆದರಬೇಕಿಲ್ಲ, ಸಂಬಂಧಪಟ್ಟ ಕಚೇರಿಗೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕೆಂದು ಕಲಂ 6(3) ಹೇಳುತ್ತದೆ. ಉತ್ತರಕ್ಕೆ ಮೂವತ್ತು ದಿನ.

ಇಲ್ಲೂ ಒಂದು ತಿರುವಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೊಬೈಲು, ಕಂಪ್ಯೂಟರುಗಳಲ್ಲಿ ಹರಿದಾಡುವ ನಮ್ಮ ವಿವರಗಳನ್ನು ಕಾಯುವ ಕಾಯ್ದೆ ಎಂದು ಎಲ್ಲರೂ ಓದಿದೆವು. ಅದರ ಕೊನೆಯಲ್ಲಿ, ಕಲಂ 44(3)ರಲ್ಲಿ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಕಲಂ ತಿದ್ದುವ ಒಂದು ಸಾಲಿತ್ತು. ಹಿಂದೆ ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತಕ್ಕೆ ಬೇಕಾದರೆ ಕೊಡಬಹುದೆಂದು ಆ ಉಪಕಲಮೇ ಹೇಳುತ್ತಿತ್ತು. ಈಗ ಅಲ್ಲಿ ಉಳಿದಿರುವುದು ‘ವೈಯಕ್ತಿಕ ಮಾಹಿತಿ’ ಎಂಬಷ್ಟೇ. ಸಾರ್ವಜನಿಕ ಹಿತದ ವಾದಕ್ಕೆ ಇನ್ನು 8(2)ಕ್ಕೆ ಹೋಗಬೇಕು. ಅಂಕಿತ ಬಿದ್ದದ್ದು 2023ರಲ್ಲಿ, ಈ ಸಾಲು ಜಾರಿಗೆ ಬಂದದ್ದು 2025ರ ನವೆಂಬರಿನ ಅಧಿಸೂಚನೆಯಿಂದ. ನಡುವಿನ ಎರಡು ವರ್ಷಕ್ಕೂ ಹೆಚ್ಚು ಕಾಲ ಅದು ಪುಸ್ತಕದಲ್ಲಿತ್ತು, ಜೀವ ಇರಲಿಲ್ಲ. ಟೀಚರು ಕೇಳಿದ್ದು ತಮ್ಮದೇ ಸೇವಾ ಪುಸ್ತಕವನ್ನಾದ್ದರಿಂದ ಅಡ್ಡಿಯಾಗಲಿಲ್ಲ. ‘ಪಕ್ಕದ ಶಾಲೆಯವರಿಗೆ ಎಷ್ಟು ಕೊಟ್ಟಿದ್ದೀರಿ ತೋರಿಸಿ’ ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅಧಿಸೂಚನೆ ಎಂದೆನಲ್ಲ, ಅದು ಸಿಗುವುದು ರಾಜ್ಯಪತ್ರದಲ್ಲಿ. ಹರಿಹರದಲ್ಲಿ ಪೋಲಾಳ್ವ ದಂಡನಾಥ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಗೆ ಹೋದವರು ಅಲ್ಲಿಯ ಕಲ್ಲುಗಳನ್ನು ನೋಡಿರುತ್ತೀರಿ. ಆ ಕಾಲದವರು ಆಜ್ಞೆಯನ್ನೂ ದತ್ತಿಯನ್ನೂ ಕಲ್ಲಿನಲ್ಲಿ ಕೊರೆಸಿ ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ಕನ್ನಡದಲ್ಲಿ ಆ ಕಲ್ಲಿಗೂ ಶಾಸನವೆನ್ನುತ್ತೇವೆ, ವಿಧಾನಸಭೆಯ ಕಾನೂನಿಗೂ ಶಾಸನವೆನ್ನುತ್ತೇವೆ. ಈಗಿನ ಕಲ್ಲು ರಾಜ್ಯಪತ್ರ. ಅದರಲ್ಲಿ ಅಚ್ಚಾಗದೆ ಯಾವ ನಿಯಮಕ್ಕೂ ಬಲವಿಲ್ಲ. ಕೇಂದ್ರದ ಗೆಜೆಟ್ 2015ರ ಅಕ್ಟೋಬರ್ 1ರಿಂದ ಕಾಗದದಲ್ಲಿ ಬರುವುದೇ ನಿಂತು ಕಂಪ್ಯೂಟರಿನಲ್ಲಷ್ಟೇ ಬರುತ್ತಿದೆ. ಕರ್ನಾಟಕ ರಾಜ್ಯಪತ್ರಕ್ಕೂ ಇ-ರಾಜ್ಯಪತ್ರ ತಾಣವಿದೆ. ಕಾಯ್ದೆಗಳ ಪೂರ್ಣಪಾಠಕ್ಕೆ ಕೇಂದ್ರ ಸರ್ಕಾರದ ‘ಇಂಡಿಯಾ ಕೋಡ್’, ನಮ್ಮ ರಾಜ್ಯದ ಕಾಯ್ದೆಗಳಿಗೆ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನೆ ಇಲಾಖೆಯ ತಾಣ. ಎರಡನೆಯದರಲ್ಲಿ ಕನ್ನಡ ಪಾಠವೂ ಇದೆ. ಮಸೂದೆ ಇನ್ನೂ ಸಂಸತ್ತಿನಲ್ಲಿರುವಾಗ ಅದರಲ್ಲಿ ಏನಿದೆ ಎಂದು ಸರಳವಾಗಿ ತಿಳಿಯಬೇಕಾದರೆ ದೆಹಲಿಯ ಪಿಆರ್‌ಎಸ್ ಸಂಸ್ಥೆಯ ಟಿಪ್ಪಣಿಗಳು ಒಳ್ಳೆಯವು. ಸುತ್ತೋಲೆಗಳದ್ದೇ ತೊಂದರೆ. ಅವು ಯಾವ ಒಂದು ಕಡೆಯೂ ಇಲ್ಲ. ‘ಸುತ್ತೋಲೆಯಂತೆ ಕ್ರಮ’ ಎಂದು ಬರೆದು ಸಂಖ್ಯೆ, ತಾರೀಖು ಬಿಡುವುದು ಕಚೇರಿಗಳ ಹಳೆಯ ಚಾಳಿ. ಸಂಖ್ಯೆ ಕೇಳುವುದೇ ಮೊದಲ ಕೆಲಸ.

ಹೊಳೆ ದಂಡೆಯವರು

ವಕೀಲರಲ್ಲದವರು ಕಾನೂನು ಹುಡುಕಿ ಓದುವುದು ನಮ್ಮ ಕಡೆಗೆ ಹೊಸದೇನೂ ಅಲ್ಲ. ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳು ಒದಗಿಸಲು 1984ರಲ್ಲಿ ಸರ್ಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿದವು. ನೀಲಗಿರಿ ಬೆಳೆಸಲು ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ಸರ್ಕಾರಿ ಜಮೀನು ಅದಕ್ಕೆ ಹೋಗುವುದಿತ್ತು. ದನ ಮೇಯುವ, ಸೌದೆ ಸಿಗುವ ಜಾಗ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ತಡೆ ಸಿಕ್ಕಿತು. ಅದೇ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಜಂಟಿ ಸಂಸ್ಥೆಯೇ ಮುಚ್ಚಿತು.

ಈ ಮೊಕದ್ದಮೆಯನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸೋಣವೆಂದು ಹುಡುಕಿದೆ. ಸಮಾಜ ಪರಿವರ್ತನ ಸಮುದಾಯ ಎಂದು ಕೊಟ್ಟರೆ ಎದ್ದು ಬರುವುದು ಬಳ್ಳಾರಿ ಗಣಿಗಾರಿಕೆಯ 2013ರ ಏಪ್ರಿಲ್ 18ರ ತೀರ್ಪು. ಸಂಸ್ಥೆ ಅದೇ, ಮೊಕದ್ದಮೆ ಬೇರೆ. ಮಧ್ಯಂತರ ಆದೇಶಗಳು ಕಾನೂನು ವರದಿಗಳಲ್ಲಿ ಅಚ್ಚಾಗುವುದು ಅಪರೂಪ, ಹಾಗಾಗಿ ಹಳೆಯ ತಡೆಯಾಜ್ಞೆಗಳಿಗೆ ಆ ಕಾಲದ ಪತ್ರಿಕೆಗಳೂ ಹೋರಾಟಗಾರರು ಕೂಡಿಟ್ಟ ಕಡತಗಳೂ ಗತಿ. ಎಲ್ಲವೂ ಮೊಬೈಲಿನಲ್ಲಿ ಇದೆ ಎಂಬವರಿಗೆ ನಾನು ಇದನ್ನು ಹೇಳುತ್ತೇನೆ.

ಇನ್ನೊಂದು ಸ್ವಾರಸ್ಯ. ಆ ಮೊಕದ್ದಮೆ ನಡೆಯುತ್ತಿದ್ದಾಗಲೇ 1988ರಲ್ಲಿ ಸಂಸತ್ತು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯ ಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವಂತಿಲ್ಲ ಎಂಬ ಮಾತು ಸೇರಿಸಿತು. ಈಗ ಅರಣ್ಯ ಸಂರಕ್ಷಣಾ ಕಾಯ್ದೆ ಎಂಬ ಹೆಸರಿನಲ್ಲಿ ಹುಡುಕಿದರೆ ಎಡವುತ್ತೀರಿ. 2023ರ ತಿದ್ದುಪಡಿಯಲ್ಲಿ ಅದಕ್ಕೆ ‘ವನ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ್’ ಎಂದು ಹೆಸರಿಟ್ಟಿದ್ದಾರೆ.

ಹೊಳೆಯ ನೀರಿನ ಕಾನೂನೂ ಹೀಗೇ. ದಾವಣಗೆರೆಗೆ ರಾಜನಹಳ್ಳಿಯಿಂದ ಬರುವ ನೀರು ತುಂಗಭದ್ರೆಯದು, ಆದ್ದರಿಂದ ಇದು ನಮ್ಮ ನಲ್ಲಿಯ ಮಾತು. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ ಕಲಂ 25(6) ಎಷ್ಟು ಜನರಿಗೆ ಗೊತ್ತು? ಕೊಳೆನೀರು ಬಿಡಲು ಮಂಡಳಿ ಯಾರಿಗೆ ಯಾವ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದೆ ಎಂಬುದಕ್ಕೆ ಒಂದು ರಿಜಿಸ್ಟರ್ ಇಡಬೇಕು, ಆ ನೀರಿನಿಂದ ಬಾಧಿತನಾದ ಯಾರೂ ಅದನ್ನು ನೋಡಬಹುದು ಎನ್ನುತ್ತದೆ. ಮಾಹಿತಿ ಹಕ್ಕಿಗಿಂತ ಮೂವತ್ತು ವರ್ಷ ಮುಂಚಿನ ಹಕ್ಕು! ಇದೇ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ, ಕೊಳೆ ಬಿಟ್ಟವರಿಗಿದ್ದ ಜೈಲು ಶಿಕ್ಷೆ ತೆಗೆದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ‘ಜೈಲು ಹೋಯ್ತು’ ಎಂದು ಎಲ್ಲೆಡೆ ಸುದ್ದಿಯಾಯಿತು. ಆದರೆ ಕಾಯ್ದೆಯ ಮೊದಲ ಕಲಂ ಓದಿದರೆ ಆ ತಿದ್ದುಪಡಿ ಮೊದಲಿಗೆ ಅನ್ವಯಿಸಿದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ನೀರು ರಾಜ್ಯದ ವಿಷಯವಾದ್ದರಿಂದ ಉಳಿದ ರಾಜ್ಯಗಳಿಗೆ ಅದು ಬರಬೇಕಾದರೆ ಆಯಾ ವಿಧಾನಮಂಡಲ ನಿರ್ಣಯ ಮಾಡಬೇಕು. ಸಂಸತ್ತಿನಲ್ಲಿ ಪಾಸಾಯಿತು ಎಂದಾಕ್ಷಣ ಹರಿಹರಕ್ಕೆ ಬಂತು ಎಂದಲ್ಲ.

ಸತ್ತ ಕಲಂ, ಹುಟ್ಟದ ತೀರ್ಪು

ಪುಸ್ತಕದಲ್ಲಿದ್ದೂ ಸತ್ತಿರುವ ಕಲಮುಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ಆಮೇಲೂ ಅದರಡಿ ಮೊಕದ್ದಮೆ ಹೂಡುತ್ತಲೇ ಇದ್ದರು. ಕೊನೆಗೆ 2022ರಲ್ಲಿ ಕೋರ್ಟು ಮತ್ತೆ ಆದೇಶ ಮಾಡಬೇಕಾಯಿತು. ದಂಡ ಸಂಹಿತೆಯಂತೂ ಇಡಿಯಾಗಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಮ್ಮೂರಲ್ಲಿ ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎನ್ನುತ್ತೇವೆ; ಲೆಕ್ಕಕ್ಕೆ ಈಗ ಅವನು 318.

ಹುಟ್ಟದೇ ಇರುವ ತೀರ್ಪುಗಳೂ ಬಂದಿವೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. “ಮಾಮ, ಯಾಕೆ ಒದ್ದಾಡ್ತೀರಿ, ಎಐ ಕೇಳಿ” ಎಂದು ಅರ್ಧ ನಿಮಿಷದಲ್ಲಿ ನಾಲ್ಕು ತೀರ್ಪು ಕಳಿಸಿದ. ಎರಡು ಸರಿ ಇದ್ದವು. ಒಂದರಲ್ಲಿ ವರ್ಷ ತಪ್ಪು. ನಾಲ್ಕನೆಯದಕ್ಕೆ ಗಂಭೀರವಾದ ಹೆಸರು, ಸಂಪುಟ, ಪುಟಸಂಖ್ಯೆ ಎಲ್ಲ ಇತ್ತು. ಇ-ಎಸ್‌ಸಿಆರ್‌ನಲ್ಲಿ ಹುಡುಕಿದರೆ ಅಂಥ ತೀರ್ಪೇ ಇಲ್ಲ. ಹಳ್ಳಿ ಶಾಲೆಯ ಮೇಷ್ಟ್ರು ಮಾತ್ರ ಮೋಸಹೋಗುವುದಲ್ಲ. ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳು ಉಲ್ಲೇಖವಾಗಿರುವುದನ್ನು ಕರ್ನಾಟಕ ಹೈಕೋರ್ಟು 2025ರ ಮಾರ್ಚಿನಲ್ಲಿ ಗಮನಿಸಿ, ಕ್ರಮಕ್ಕೆ ಸೂಚಿಸಿತು. 2023ರಿಂದ ಸುಪ್ರೀಂ ಕೋರ್ಟು ತನ್ನ ತೀರ್ಪುಗಳಿಗೆ ವರ್ಷ, ‘ಐಎನ್‌ಎಸ್‌ಸಿ’ ಎಂಬ ಅಕ್ಷರ ಮತ್ತು ಒಂದು ಸಂಖ್ಯೆ ಕೊಡುತ್ತಿದೆ. ಆ ಸಂಖ್ಯೆ ಹಾಕಿ ಕೋರ್ಟಿನ ತಾಣದಲ್ಲೇ ತೀರ್ಪು ಕಣ್ಣಿಗೆ ಬಿದ್ದ ಮೇಲೆ ಮಾತ್ರ ನಂಬಿ. ಎಐಯನ್ನು ನಾನು ಬೈಯುವುದಿಲ್ಲ. ಎಲ್ಲಿ ಹುಡುಕಬೇಕೆಂದು ಹೇಳಲು ಅದು ಜಾಣ, ಸಾಕ್ಷಿ ಹೇಳಲು ಮಾತ್ರ ಕರೆಯಬಾರದು.

ಟೀಚರ ಸೇವಾ ಪುಸ್ತಕದ ನಕಲು ಇಪ್ಪತ್ತೆಂಟನೆಯ ದಿನ ಬಂತು. 62 ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 124 ರೂಪಾಯಿ. ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಹಾಳೆ ನೋಡಿದೆವು. 41ನೆಯ ಪುಟದಲ್ಲಿ ಅದಿತ್ತು. 2012ರ ವೇತನ ಪರಿಷ್ಕರಣೆಯ ಆಯ್ಕೆ ಪತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿ, ಹೆಚ್ಚು ಪಾವತಿಯಾದರೆ ಹಿಂತಿರುಗಿಸುವ ಮಾತು. ಅದರ ಕೆಳಗೆ ಅವರದೇ ಗುಂಡಗಿನ ಸಹಿ. ಟೀಚರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು.

ತಪ್ಪಾಗಿದೆ ಎನ್ನುವುದು 2011ರ ಮುಂಬಡ್ತಿಯಲ್ಲಿ, ಸಹಿ ಇರುವುದು 2012ರ ಪರಿಷ್ಕರಣೆಯ ಕಾಗದದಲ್ಲಿ. ಹಿಂದಿನ ತಪ್ಪಿಗೆ ಮುಂದಿನ ಮುಚ್ಚಳಿಕೆ ಅನ್ವಯವಾಗುತ್ತದೆಯೇ? ಇದು ನನ್ನ ಓದಿಗೆ ಮೀರಿದ ಪ್ರಶ್ನೆ. ಮೀರಿದೆ ಎಂದು ತಿಳಿಯುವುದಕ್ಕಾದರೂ ಇಷ್ಟು ಓದಬೇಕಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಂ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಹರಿಹರದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಇಬ್ಬರೂ ಹೋದೆವು. ಅಲ್ಲಿ ಸಿಕ್ಕ ವಕೀಲೆ ಮೂರೂ ತೀರ್ಪುಗಳ ಪ್ರತಿ ಮತ್ತು 41ನೆಯ ಪುಟ ನೋಡಿ, “ವಾದ ಇದೆ ಮೇಡಮ್, ಎರಡೂ ಕಡೆ ಇದೆ. ಆ ಪುಟ ಮುಚ್ಚಿಡೋದು ಬೇಡ, ನಾವೇ ಮೊದಲು ಹೇಳಿಬಿಡೋಣ” ಎಂದರು. ಹಾಗೆಯೇ ಮನವಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದಾಯಿತು. ಕಚೇರಿ ಒಪ್ಪದಿದ್ದರೆ ಆಡಳಿತ ನ್ಯಾಯಮಂಡಳಿಗೆ ಹೋಗಲು ಒಂದು ವರ್ಷದ ಅವಧಿ ಇದೆ.

ಹೋದ ತಿಂಗಳ ಪಿಂಚಣಿ ಪೂರ್ತಿ ಬಂದಿದೆ. ಮನವಿಗೆ ಉತ್ತರ ಇನ್ನೂ ಬಂದಿಲ್ಲ.